ವೇತನಪಟ್ಟಿಯಿಂದ ಪಿಂಚಣಿಯವರೆಗೆ

ಸ್ತ್ರೀ ಪುರುಷರ ವೇತನದ ಅಂತರವೆಂದರೆ ಒಂದೇ ಬಗೆಯ ಯಂತ್ರದ ಮುಂದೆ ಕುಳಿತ ಇಬ್ಬರಿಗೆ ಎರಡು ಬಗೆಯ ಸಂಬಳ ಕೊಡುವುದು ಎಂಬ ತಿಳಿವಳಿಕೆಯು, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ವೇತನಪಟ್ಟಿ ಬರೆಯುತ್ತಿದ್ದ ಈ ಲೇಖಕಿಯ ಅನುಭವಕ್ಕೆ ಪೂರ್ತಿ ಹೊಂದುವುದಿಲ್ಲ. ಒಂದೇ ದರ್ಜೆಯ ಟೈಲರ್‌ಗಳಿಗೆ, ಹೆಣ್ಣಾಗಲಿ ಗಂಡಾಗಲಿ, ಆ ಪಟ್ಟಿಯಲ್ಲಿ ಇರುತ್ತಿದ್ದುದು ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನವೇ; ಆದರೆ ಹೊಲಿಗೆಯ ಸಾಲುಗಳಲ್ಲಿ ಹೆಂಗಸರೇ ತುಂಬಿದ್ದು, ಕಟಿಂಗ್ ಮಾಸ್ಟರ್, ಮೆಕ್ಯಾನಿಕ್, ಸೂಪರ್‌ವೈಸರ್ ಹುದ್ದೆಗಳು ಗಂಡಸರ ಪಾಲಾಗುತ್ತಿದ್ದುದರಿಂದ, ಅಂತರವು ದರ್ಜೆಯಲ್ಲಿ ಅಡಗಿರುತ್ತಿತ್ತು. 1976ರ ಸಮಾನ ಸಂಭಾವನೆ ಕಾಯಿದೆಯು 1987ರ ತಿದ್ದುಪಡಿಯ ಬಳಿಕ ತರಬೇತಿ, ಬಡ್ತಿಗಳಲ್ಲಿಯೂ ತಾರತಮ್ಯ ಸಲ್ಲದೆಂದಿತಾದರೂ, ಹೆಂಗಸರಿಗೆ ಕಟಿಂಗ್ ಕೆಲಸವನ್ನು ಕಲಿಸದೆ ಇದ್ದಲ್ಲಿ ಬಡ್ತಿಯ ಪ್ರಶ್ನೆಯೇ ಏಳುತ್ತಿರಲಿಲ್ಲ.

ಈ ಅಂತರ ಮುಪ್ಪಿನಲ್ಲಿ ಹಿಗ್ಗುತ್ತದೆ. ಭವಿಷ್ಯ ನಿಧಿಯ (ಪಿಎಫ್) ಜೊತೆಗಿರುವ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಸಿಗುತ್ತದೆ. ಹತ್ತು ವರ್ಷದ ಸೇವೆ ತುಂಬದಿದ್ದರೆ ಪಿಂಚಣಿಯ ಹಕ್ಕೇ ಇಲ್ಲ. 15,000 ರೂಪಾಯಿಯ ಮೇಲೆ 18 ವರ್ಷ ದುಡಿದವನಿಗೆ ಸುಮಾರು 3,857 ರೂಪಾಯಿ ಬಂದರೆ, 12,000ದ ಮೇಲೆ 10 ವರ್ಷ ದುಡಿದವಳಿಗೆ ಬರುವುದು 1,714 ಮಾತ್ರ: ಸಂಬಳದಲ್ಲಿ ಐದನೇ ಒಂದು ಪಾಲಿನಷ್ಟಿದ್ದ ಕೊರತೆ ಪಿಂಚಣಿಯಲ್ಲಿ ಅರ್ಧವನ್ನೂ ಮೀರುತ್ತದೆ. ಹೆರಿಗೆಗೋ ಅತ್ತೆಯ ಆರೈಕೆಗೋ ಕೆಲಸ ಬಿಟ್ಟು, ಪಿಎಫ್‌ನೊಂದಿಗೆ ಪಿಂಚಣಿಯ ಪಾಲನ್ನೂ ಹಿಂಪಡೆದು, ಮತ್ತೊಂದು ಕಾರ್ಖಾನೆಗೆ ಸೇರಿದವಳ ಹಿಂದಿನ ಸೇವೆ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಬಿಟ್ಟಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಗ್ರಾಚ್ಯುಯಿಟಿಯೂ ಒಂದೇ ಕಡೆ ಐದು ವರ್ಷ ತುಂಬದೆ ಕೈತಪ್ಪುತ್ತದೆ.

ಹೀಗೆ ಹಣ ಹಿಂಪಡೆಯುವುದಕ್ಕೆ ಈ ಹೆಂಗಸರ ತಿಳಿಗೇಡಿತನವೇ ಕಾರಣವೆನ್ನುವುದು ಅನ್ಯಾಯ. ಮನೆಬಾಡಿಗೆ, ಮಕ್ಕಳ ಫೀಸು, ಕೈಸಾಲಗಳ ನಡುವೆ ಪಿಎಫ್ ಒಂದೇ ಅವರ ಕೈಗಾವಲಾಗಿದ್ದುದರಿಂದಲೇ, ಮಾಲೀಕರ ವಂತಿಗೆಯನ್ನು 58 ವರ್ಷದವರೆಗೆ ತಡೆಹಿಡಿಯುವ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಳಿಗೆ ಇಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ವೇತನಪಟ್ಟಿಗಳು ಲೇಖಕಿಗೆ ಕಲಿಸಿದ ಪಾಠವನ್ನು ದುಡಿಯುವ ಅಕ್ಕತಂಗಿಯರಿಗೆ ಹೇಳಲೇಬೇಕು: ಕೆಲಸ ಬದಲಿಸುವಾಗ, ಪಿಎಫ್ ಖಾತೆಗಳಿಗೆಲ್ಲ ಒಂದೇ ಆಗಿರುವ ಯುಎಎನ್ ಸಂಖ್ಯೆಯನ್ನು ಉಳಿಸಿಕೊಂಡು ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿ, ಹಣ ತೆಗೆಯಲೇಬೇಕಾದರೂ ಪಿಂಚಣಿಯ ಪಾಲನ್ನು ಮುಟ್ಟಬೇಡಿ, ಕಟಿಂಗ್ ಟೇಬಲ್ಲಿನ ಕೆಲಸವನ್ನು ಕಲಿಸಿಕೊಡಿರೆಂದು ಒಟ್ಟಾಗಿ ಕೇಳಿ.