ಕೋರಾ ಬಟ್ಟೆಯ ಮೇಲೆ ನಾಟಡವು

ಮೈಸೂರಿನ ಸಭಾಂಗಣಗಳಲ್ಲಿ ನೃತ್ಯ–ಚಿತ್ರ ಜುಗಲ್‌ಬಂದಿ ಎಂದರೆ ಬಹುಮಟ್ಟಿಗೆ ಇಷ್ಟೇ: ವೇದಿಕೆಯ ಒಂದು ಬದಿ ನರ್ತಕಿ, ಇನ್ನೊಂದು ಬದಿ ಈಸೆಲ್ ಮುಂದೆ ಚಿತ್ರಕಾರ. ನಾನು ಎರಡೂ ಬದಿಯಲ್ಲಿ ನಿಂತವಳು. ಜನ ನೋಡುವುದು ಕುಂಚವನ್ನೇ. ಮೂಡುತ್ತಿರುವುದು ನವಿಲೋ ಕೃಷ್ಣನೋ ಎಂದು ಊಹಿಸುವ ಆಟದಲ್ಲಿ ನೃತ್ಯ ಹಿಂದಕ್ಕೆ ಸರಿಯುತ್ತದೆ.

ಭರತನಾಟ್ಯದ ಮೈಸೂರು ಶೈಲಿಯ ಜೀವ ಅಭಿನಯ. ಅರಮನೆಯ ನರ್ತಕಿಯರಾಗಿದ್ದ ಜಟ್ಟಿ ತಾಯಮ್ಮ ಮತ್ತು ಅವರ ಶಿಷ್ಯೆ ಕೆ. ವೆಂಕಟಲಕ್ಷ್ಮಮ್ಮ (1906–2002) ಹೆಸರಾದದ್ದೇ ಅದಕ್ಕೆ. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ವೆಂಕಟಲಕ್ಷ್ಮಮ್ಮನವರೇ ಅಲ್ಲಿ ಪಾಠಕ್ಕೆ ನಿಂತರು. ಪದದ ಒಂದೇ ಸಾಲನ್ನು ಬಗೆಬಗೆಯಾಗಿ ಬಿಡಿಸುವ ಈ ಪರಂಪರೆಯಲ್ಲಿ ನಾಯಕ ವೇದಿಕೆಗೆ ಬರುವುದೇ ಇಲ್ಲ. ನಾಯಿಕೆಯ ಕಣ್ಣು ಹೋದ ಕಡೆ ಪ್ರೇಕ್ಷಕರೇ ಅವನನ್ನು ಕಂಡುಕೊಳ್ಳಬೇಕು. ಪಕ್ಕದಲ್ಲಿ ನೀಲಿ ಬಳಿದು ಅವನನ್ನು ಬರೆದಿಟ್ಟರೆ ಅವಳಿಗೇನು ಕೆಲಸ? ಅಭಿನಯ ಕಾಣಿಸುವುದನ್ನು ಚಿತ್ರ ಬರೆಯಕೂಡದು ಎಂದು ನಾನು ಕಟ್ಟು ಹಾಕಿಕೊಂಡದ್ದು ಹೀಗೆ.

ಹಾಗಾದರೆ ಬರೆಯುವುದೇನನ್ನು? ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರ ನೋಡಿ. ಉಡುಪಿ ಬಳಿಯ ಕಟ್ಟಿಂಗೇರಿಯ ಹೆಬ್ಬಾರರು ಮುಂಬಯಿಯಲ್ಲಿ ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ಕಲಿತದ್ದು ಲಯ ಗೆರೆಗೆ ಇಳಿಯಲಿ ಎಂದು. ಅವರ ನರ್ತಕರ ಮುಖದಲ್ಲಿ ವಿವರ ಕಡಿಮೆ. ಮೈಭಾರ ಎತ್ತ ವಾಲಿದೆ ಎಂಬುದು ಮಾತ್ರ ಸ್ಪಷ್ಟ. ನೃತ್ತ ಅರಿಯದವರಿಗೆ ಚಿತ್ರ ದಕ್ಕದೆನ್ನುವ ವಿಷ್ಣುಧರ್ಮೋತ್ತರ ಪುರಾಣದ ಮಾತನ್ನು ಸಭೆಗಳಲ್ಲಿ ಎಲ್ಲರೂ ಎತ್ತುತ್ತಾರೆ. ಗೆಜ್ಜೆ ಕಟ್ಟಿದ ಚಿತ್ರಕಾರರು ಎಷ್ಟು ಮಂದಿ?

ಮೈಭಾರ ಹಿಡಿಯಲು ನಾನು ಈಸೆಲ್ ಬಿಟ್ಟು ನೆಲಕ್ಕಿಳಿದೆ. ಹಾಸಿದ ಕೋರಾ ಬಟ್ಟೆ, ಅಂಗಾಲಿಗೆ ಕೆಮ್ಮಣ್ಣು. ಆಕ್ರಿಲಿಕ್ ಬೇಡ: ಹಸಿಯಿದ್ದರೆ ಜಾರುತ್ತದೆ, ಅರೆ ಒಣಗಿದರೆ ಪಾದವನ್ನು ಹಿಡಿದೆಳೆಯುತ್ತದೆ, ಎರಡರಿಂದಲೂ ಮಂಡಿಗೆ ಪೆಟ್ಟು. ಕೆಮ್ಮಣ್ಣಿಗೆ ಗೋಂದಿನ ನೀರು ತುಸುವೇ ಬೆರೆಸಿ, ಬಟ್ಟೆಯ ಅಂಚುಗಳನ್ನು ಟೇಪಿನಿಂದ ಬಿಗಿದರೆ ಸಾಕು. ಗೆಜ್ಜೆಯ ಚರ್ಮಕ್ಕೆ ತಾಗಿದ ಬಣ್ಣ ಹೋಗದು, ಹಳೆಯ ಜೊತೆ ಇಟ್ಟುಕೊಳ್ಳಿ.

ಬಟ್ಟೆಯನ್ನು ಓದಲು ಕಣ್ಣು ಪಳಗಬೇಕು. ಒಂದೊಂದು ಅಡವಿಗೂ, ಅಂದರೆ ಮೂಲ ಹೆಜ್ಜೆಗೂ, ಒಂದೊಂದು ಗುರುತು. ತಟ್ಟಡವು ಇಡೀ ಪಾದವನ್ನು ಒತ್ತುತ್ತದೆ. ನಾಟಡವಿನಲ್ಲಿ ಚಾಚಿದ ಕಾಲಿನ ಹಿಮ್ಮಡಿ ದುಂಡಗೆ ಮೂಡುತ್ತದೆ. ಕುದಿತ್ತಮೆಟ್ಟಡವಿನಲ್ಲಿ ಮುಂಗಾಲಿನ ಗುರುತು ಮೊದಲು, ಹಿಮ್ಮಡಿಯದು ಆಮೇಲೆ. ದಣಿದಾಗ ಅರೆಮಂಡಿ, ಮಂಡಿ ಬಗ್ಗಿಸಿ ನಿಲ್ಲುವ ಭಂಗಿ, ಮೇಲೇಳುತ್ತದೆ, ಪಾದಗಳ ಕೋನ ಕಿರಿದಾಗುತ್ತದೆ. ಕನ್ನಡಿಯೆದುರು ನಿಭಾಯಿಸಿದ್ದು ಇಲ್ಲಿ ಬಯಲಾಗುತ್ತದೆ. ಶಿಷ್ಯೆಯರು ನಾಚಿ ಅಷ್ಟನ್ನು ಅಳಿಸೋಣ ಮೇಡಂ ಎನ್ನುತ್ತಾರೆ. ನಾನು ಬಿಡುವುದಿಲ್ಲ. ಬಟ್ಟೆ ಒಣಗಿದ ಮೇಲೆ ನಾನು ಗೆರೆ ಎಳೆಯುವುದು ಬಹುಪಾಲು ಅಲ್ಲಿಂದಲೇ.

ದುಡ್ಡಿನ ಮಾತನ್ನು ಮಾತ್ರ ಮೊದಲೇ ಆಡಿಕೊಳ್ಳಬೇಕು. ಕುಣಿತ ಅಂದೇ ಮುಗಿಯುತ್ತದೆ, ಬಟ್ಟೆ ಚೌಕಟ್ಟು ಸೇರಿ ಮಾರಾಟಕ್ಕೆ ಕೂರುತ್ತದೆ. ಮೃದಂಗದವರು ನಡೆ ಬದಲಿಸಿದ ಕಡೆ ಹೆಜ್ಜೆ ದಟ್ಟವಾಗಿರುತ್ತದೆ. ಅದು ಅವರ ಕೈಕೆಲಸವೂ ಹೌದಲ್ಲ? ನಮ್ಮ ಬಟ್ಟೆಗಳ ಹಿಂಬದಿಯಲ್ಲಿ ನಟ್ಟುವಾಂಗ, ಹಾಡುಗಾರಿಕೆ, ಮೃದಂಗ, ಎಲ್ಲರ ಹೆಸರೂ ಇರುತ್ತದೆ, ಮಾರಿದರೆ ಸಮಪಾಲು. ಕೊಳ್ಳುವವರು ಚೆಕ್ ಒಬ್ಬರ ಹೆಸರಿಗೇ ಬರೆಯುತ್ತೇವೆ ಎನ್ನುತ್ತಾರೆ. ಬರೆಯಲಿ, ಹಂಚಿಕೊಳ್ಳುವುದು ನಮಗೆ ಬಿಟ್ಟದ್ದು.