ಹೊಟ್ಟೆಯ ಸಂಗತಿ ಅರ್ಧ ಹೇಳಬೇಡ

ಹೊಟ್ಟೆ ಸ್ವಲ್ಪ ಉರಿದರೆ ಸಾಕು, ನಿನ್ನ ಕೈ ಮೊದಲು ಹೋಗುವುದು ಮೊಬೈಲಿಗೆ. ಬೈಯುವುದಿಲ್ಲ ಮಗಾ. ರಾತ್ರಿ ಹನ್ನೊಂದಕ್ಕೆ ಬೆಳುವಾಯಿಯಲ್ಲಿ ಕೂತು ಯಾವ ಡಾಕ್ಟರನ್ನು ಎಬ್ಬಿಸುತ್ತೀ? ಚಾಟ್‌ಜಿಪಿಟಿಗೆ ನಿದ್ದೆಯಿಲ್ಲ, ಸಿಡುಕಿಲ್ಲ. ಕೇಳು, ಬೇಡ ಎನ್ನುವುದಿಲ್ಲ. ಆದರೆ ಓದಿದ ಕೂಡಲೇ ಮೆಡಿಕಲ್‌ಗೆ ಓಡುತ್ತೀಯಲ್ಲ, ಆ ಅವಸರ ನನಗೆ ಹಿಡಿಸುವುದಿಲ್ಲ.

ಅದು ಹೇಳುವುದೆಲ್ಲ ಸುಳ್ಳೆಂದು ನಾನು ಹೇಳಲಾರೆ. 2023ರಲ್ಲಿ ಅಮೆರಿಕದ ವೈದ್ಯರು ಅದನ್ನು ಪರೀಕ್ಷೆಗೇ ಕೂರಿಸಿದರು. ಜೀರ್ಣಾಂಗ ತಜ್ಞರು ತಮ್ಮ ತಿಳಿವಳಿಕೆ ಅಳೆದುಕೊಳ್ಳುವ ಪ್ರಶ್ನೆಪತ್ರಿಕೆ. ಪಾಸಿಗೆ ನೂರಕ್ಕೆ 70 ಬೇಕಿತ್ತು. ಒಂದು ಆವೃತ್ತಿಗೆ 65 ಬಂತು, ಅದರ ನಂತರದ್ದಕ್ಕೆ 62. ಈಗ ಅದಕ್ಕಿಂತ ಜಾಣ ಆವೃತ್ತಿಗಳು ಬಂದಿವೆ, ಒಪ್ಪಿದೆ. ನನಗೆ ದೊಡ್ಡದಾಗಿ ಕಂಡದ್ದು ಅದೇ ವರ್ಷದ ಇನ್ನೊಂದು ಪರೀಕ್ಷೆ. ಲಿವರ್ ಸಿರೋಸಿಸ್ ಬಗ್ಗೆ ಕೇಳಿದಾಗ ನೂರರಲ್ಲಿ 79 ಉತ್ತರ ಸರಿಯಿದ್ದವು. ಬೇಕಾದದ್ದೆಲ್ಲ ಇದ್ದ ಉತ್ತರ 47 ಮಾತ್ರ. ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಏನೋ ಬಿಟ್ಟುಹೋಗಿದೆ. ಏನು ಬಿಟ್ಟಿದೆಯೆಂದು ಓದುವ ನಿನಗೆ ಗೊತ್ತಾಗುವುದಾದರೂ ಹೇಗೆ ಮಾರಾಯಾ?

ಅಲ್ಲಿ ಪ್ರಶ್ನೆಯಾದರೂ ನೆಟ್ಟಗಿತ್ತು. ನಿನ್ನದು ಹೇಗಿರುತ್ತದೆ? ‘ಗ್ಯಾಸ್ಟ್ರಿಕ್, ಯಾವ ಮಾತ್ರೆ?’ ಅಷ್ಟೇ. ಸೊಂಟನೋವಿಗೆಂದು ವಾರದಿಂದ ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ನುಂಗುತ್ತಿರುವುದನ್ನು ನೀನು ಹೇಳಿಲ್ಲ. ಆ ಮಾತ್ರೆಯೇ ಜಠರದಲ್ಲಿ ಹುಣ್ಣು ಮಾಡಬಲ್ಲದು. ಮೂಡುಬಿದಿರೆಗೆ ಹೋದರೆ ಡಾಕ್ಟರು ಹೊಟ್ಟೆ ಒತ್ತಿ ನೋಡುತ್ತಾರೆ, ಕಣ್ಣಿನ ಕೆಳರೆಪ್ಪೆ ಎಳೆದು ರಕ್ತ ಕಡಿಮೆಯೋ ಎಂದು ನೋಡುತ್ತಾರೆ, ಬೇರೆ ಏನು ಮದ್ದು ತಗೊಳ್ತಾ ಇದ್ದೀ ಎಂದು ಕೇಳುತ್ತಾರೆ. ನೀನು ಮರೆತದ್ದನ್ನು ಬಾಯಿ ಬಿಡಿಸುವುದೇ ಅವರ ಅರ್ಧ ವಿದ್ಯೆ.

ಹುಣ್ಣಿಗೆ ನೋವಿನ ಮಾತ್ರೆಯೊಂದೇ ಕಾರಣವಲ್ಲ. ಖಾರ ಮತ್ತು ಚಿಂತೆಯಿಂದ ಈ ಅಲ್ಸರ್ ಬರುತ್ತದೆ ಎಂದು ಡಾಕ್ಟರುಗಳೇ ನಂಬಿದ್ದ ಕಾಲವಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಒಪ್ಪಲಿಲ್ಲ. 1984ರಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ರೋಗಾಣುವನ್ನು ತಾನೇ ಕುಡಿದು ಜಠರ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ಆ ರೋಗಾಣುವಿಗೆ ಮೂರು ನಾಲ್ಕು ಬಗೆಯ ಮಾತ್ರೆ ಒಟ್ಟಿಗೆ, ಸಾಮಾನ್ಯವಾಗಿ ಹದಿನಾಲ್ಕು ದಿನ. ಉರಿ ಇಳಿಯಿತೆಂದು ನಡುವೆ ಬಿಟ್ಟರೆ ಅದು ಮದ್ದಿಗೆ ಬಗ್ಗದೆ ಬೆಳೆಯಬಹುದು. ಯಾವ ಆ್ಯಂಟಿಬಯೋಟಿಕ್ ನಾಟುತ್ತದೆ ಎಂಬುದೂ ದೇಶದಿಂದ ದೇಶಕ್ಕೆ ಬೇರೆ. ಇನ್ನೊಂದು ಸೂಕ್ಷ್ಮ ನೋಡು: ನೀನಾಗಿಯೇ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ತಿನ್ನುತ್ತಿದ್ದರೆ ಉಸಿರಿನ ಪರೀಕ್ಷೆಯಲ್ಲಿ ರೋಗಾಣು ಇದ್ದೂ ಇಲ್ಲವೆಂದು ಬರಬಹುದು. ಡಾಕ್ಟರಿಗೆ ಹೇಳಿ, ಪರೀಕ್ಷೆಗೆ ಎರಡು ವಾರ ಮೊದಲೇ ಅದನ್ನು ನಿಲ್ಲಿಸಬೇಕು.

ಒಂದು ವಿಷಯದಲ್ಲಿ ನಿನ್ನ ಮೊಬೈಲನ್ನು ಮೆಚ್ಚುತ್ತೇನೆ. ನಮ್ಮವರಿಗೆ ಮಲದ ಮಾತೆಂದರೆ ನಾಚಿಕೆ. ಡಾಕ್ಟರ ಎದುರು ತಲೆ ತಗ್ಗಿಸಿ ‘ಸರಿ ಉಂಟು’ ಎಂದುಬಿಡುತ್ತಾರೆ. ಮೊಬೈಲಿಗೆ ನೀನು ನಾಚುವುದಿಲ್ಲ. ಹಾಗಾದರೆ ಅದಕ್ಕೇ ಎಲ್ಲ ಹೇಳು: ಎಂದಿನಿಂದ, ಊಟದ ಮೊದಲೋ ಮೇಲೋ, ಬಣ್ಣ ಏನು, ತೂಕ ಇಳಿಯಿತೋ. ಡಾಕ್ಟರಿಗೆ ಕೊಡುವ ಹಾಗೆ ಬರೆದುಕೊಡು ಎನ್ನು. ಆ ಚೀಟಿ ಹಿಡಿದು ಬಸ್ಸು ಹತ್ತು. ದುಡ್ಡಿನ ಚಿಂತೆಯಾದರೆ ಮಂಗಳೂರಿನಲ್ಲಿ ವೆನ್‌ಲಾಕ್ ಸರಕಾರಿ ಆಸ್ಪತ್ರೆ ಇದೆ.

ಒಂದು ದಿನದ ಅಜೀರ್ಣಕ್ಕೆ ಗಂಜಿ ಉಂಡು, ತಿಮರೆ (ಒಂದೆಲಗ) ತಂಬುಳಿ ಕುಡಿದು ಮಲಗು. ಆದರೆ ಮಲ ಡಾಂಬರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗಿದ್ದು ಗಂಟಲಲ್ಲೇ ಕಟ್ಟಿದರೆ ತಂಬುಳಿಯೂ ಬೇಡ, ಮೊಬೈಲೂ ಬೇಡ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಸರಿ. ಅದರಿಂದಲೋ ಅಲ್ಲವೋ ಎಂದು ಡಾಕ್ಟರು ಹೇಳಲಿ. ಎದೆ ಬಿಗಿದು ಬೆವರು ಬಂದರೆ ಅದು ಗ್ಯಾಸೇ ಎಂದು ನೀನೇ ತೀರ್ಮಾನಿಸಿ ಕೂರಬೇಡ, ಪಕ್ಕದ ಮನೆಯವರನ್ನು ಎಬ್ಬಿಸು. ಎಷ್ಟು ಹೊತ್ತಾಗಿದ್ದರೂ ಯಾರೂ ಬೇಸರಿಸುವುದಿಲ್ಲ.