ಉಪಕರಣ ಸರ್ವರಿಗೆ ಹೋಗುವ ಎರಡು ದಾರಿಗಳು

ಪ್ರಶ್ನೆ ಹಾಕಿದರೆ ವಾಕ್ಯಗಳಲ್ಲಿ ಉತ್ತರ ಕೊಡುವ ಭಾಷಾ ಮಾದರಿಗಳು ಈಗ ವಾಚಕರಿಗೆ ಅಪರಿಚಿತವಲ್ಲ. ಆದರೆ ಇಂಥ ಮಾದರಿಯು ಬರಹವನ್ನು ಓದಿ ಬರಹವನ್ನು ಹೊರಡಿಸಬಲ್ಲುದೇ ಹೊರತು, ತಾನಾಗಿಯೇ ನಮ್ಮ ಕಂಪ್ಯೂಟರಿನ ಕಡತವನ್ನು ತೆರೆಯಲಾರದು, ಗ್ರಂಥಾಲಯದ ಪಟ್ಟಿಯನ್ನು ಹುಡುಕಲಾರದು. ಆ ಕೆಲಸಗಳಿಗೆ ಬೇರೆ ಪ್ರೋಗ್ರಾಮುಗಳು ಬೇಕು. ಕೆಲಸವನ್ನು ಮಾಡಿಕೊಡುವ ಪ್ರೋಗ್ರಾಮಿಗೆ ಉಪಕರಣ ಸರ್ವರ್ ಎಂದೂ, ಮಾದರಿಯ ಪರವಾಗಿ ಆ ಕೆಲಸವನ್ನು ಕೇಳುವ ಪ್ರೋಗ್ರಾಮಿಗೆ ಕ್ಲೈಂಟ್ ಎಂದೂ ಹೆಸರು. ಇವೆರಡೂ ಮಾತನಾಡತಕ್ಕ ರೀತಿಯನ್ನು ಗೊತ್ತುಪಡಿಸುವ ನಿಯಮಾವಳಿಯೊಂದನ್ನು ಆಂತ್ರೋಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿತು. ಅದನ್ನು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂದೂ, ಸಂಕ್ಷೇಪವಾಗಿ ಎಂಸಿಪಿ ಎಂದೂ ಕರೆಯುತ್ತಾರೆ. ಕ್ಲೈಂಟು ಸರ್ವರನ್ನು ಯಾವ ದಾರಿಯಿಂದ ಮುಟ್ಟಬೇಕೆಂಬ ಪ್ರಶ್ನೆ ಚಿಕ್ಕದಾಗಿ ತೋರಬಹುದು. ಆದರೆ ನಮ್ಮ ಕಡತಗಳು ಯಾರ ಕೈಗೆ ಸಿಕ್ಕುತ್ತವೆಂಬುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಆದುದರಿಂದ ಆ ವಿಷಯವನ್ನು ಇಲ್ಲಿ ವಿಚಾರಮಾಡೋಣ.

ಮಾತು ಒಂದೇ

ಮೊದಲು ತಿಳಿಯತಕ್ಕ ಸಂಗತಿ, ದಾರಿ ಬದಲಾದರೂ ಮಾತು ಬದಲಾಗುವುದಿಲ್ಲ ಎಂಬುದು. ಎಂಸಿಪಿಯ ಸಂದೇಶಗಳೆಲ್ಲ ಜೇಸನ್-ಆರ್‌ಪಿಸಿ 2.0 ಎಂಬ ಮಾದರಿಯಲ್ಲಿರುತ್ತವೆ. ಕೋರಿಕೆಯಲ್ಲಿ ಒಂದು ಗುರುತಿನ ಸಂಖ್ಯೆ, ಆಗಬೇಕಾದ ಕೆಲಸದ ಹೆಸರು, ಆ ಕೆಲಸಕ್ಕೆ ಬೇಕಾದ ವಿವರ, ಇವು ಇರುತ್ತವೆ. ಉತ್ತರವು ಅದೇ ಸಂಖ್ಯೆಯನ್ನು ಹೊತ್ತು ಬರುತ್ತದೆ. ಹೀಗಿರುವುದರಿಂದ ಏಳನೆಯ ಕೋರಿಕೆಯ ಉತ್ತರ ಐದನೆಯದಕ್ಕಿಂತ ಮುಂಚೆ ಬಂದರೂ ಗೊಂದಲವಾಗುವುದಿಲ್ಲ. ಸಂಖ್ಯೆಯಿಲ್ಲದ ಸಂದೇಶವು ಬರಿಯ ತಿಳಿವಳಿಕೆ. ಅದಕ್ಕೆ ಉತ್ತರ ಕೊಡಬೇಕಾದುದಿಲ್ಲ. ಇನ್ನು ಉಳಿಯುವುದು ಈ ಸಂದೇಶಗಳನ್ನು ಸಾಗಿಸುವ ಬಗೆ. ನಿಯಮಾವಳಿಯಲ್ಲಿ ಹೇಳಿರುವ ಬಗೆಗಳು ಎರಡು: ನಾಳದ ದಾರಿ ಮತ್ತು ಜಾಲದ ದಾರಿ.

ಇವುಗಳ ಭೇದವನ್ನು ಒಂದು ಸಾಮ್ಯದಿಂದ ಸುಲಭವಾಗಿ ತಿಳಿಯಬಹುದು. ಊಟ ಬೇಕಾದವನು ಅಡಿಗೆಯವರನ್ನು ಮನೆಗೇ ಕರೆಸಿಕೊಳ್ಳಬಹುದು. ಅಥವಾ ಹೋಟೆಲಿಗೆ ಹೋಗಬಹುದು. ಮನೆಗೆ ಬಂದ ಅಡಿಗೆಯವರು ನಮ್ಮ ಒಲೆಯಲ್ಲಿ, ನಮ್ಮ ಪಾತ್ರೆಗಳಲ್ಲಿ, ನಮಗೊಬ್ಬರಿಗಾಗಿಯೇ ಬೇಯಿಸುತ್ತಾರೆ. ಹೋಟೆಲು ನೂರಾರು ಜನಕ್ಕೆ ಬಡಿಸುತ್ತದೆ. ನಾವು ಬಾಯಿಬಿಟ್ಟು ಹೇಳಿದಷ್ಟೇ ಅದಕ್ಕೆ ಗೊತ್ತು.

ನಾಳದ ದಾರಿ

ಯುನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಪ್ರೋಗ್ರಾಮಿಗೂ ಹುಟ್ಟುವಾಗಲೇ ಮೂರು ದ್ವಾರಗಳು ದೊರೆಯುತ್ತವೆ. 0 ಎಂಬುದು ಒಳಬರುವ ದ್ವಾರ, 1 ಎಂಬುದು ಹೊರಹೋಗುವ ದ್ವಾರ, 2 ಎಂಬುದು ದೋಷಗಳನ್ನು ವರದಿಮಾಡುವ ದ್ವಾರ. ಒಂದು ಪ್ರೋಗ್ರಾಮಿನ ಹೊರದ್ವಾರವನ್ನು ಇನ್ನೊಂದರ ಒಳದ್ವಾರಕ್ಕೆ ಸೇರಿಸುವ ನಾಳವನ್ನು, ಡಗ್ ಮೆಕಿಲ್‌ರಾಯ್ ಅವರ ಒತ್ತಾಯದ ಮೇಲೆ, ಕೆನ್ ಥಾಂಪ್ಸನ್ ಅವರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1973ರಲ್ಲಿ ಯುನಿಕ್ಸಿಗೆ ಅಳವಡಿಸಿದರು. ಐವತ್ತು ವರ್ಷ ಕಳೆದರೂ ಆ ಉಪಾಯ ಹಳತಾಗಿಲ್ಲ. ಎಂಸಿಪಿಯ ಮೊದಲನೆಯ ದಾರಿ ಅದೇ.

ಇಲ್ಲಿ ಕ್ಲೈಂಟು ಸರ್ವರನ್ನು ಹುಡುಕಿಕೊಂಡು ಹೋಗುವುದಿಲ್ಲ. ತಾನೇ ಅದನ್ನು ಹುಟ್ಟುಹಾಕುತ್ತದೆ. ಸರ್ವರಿನ ಒಳದ್ವಾರಕ್ಕೆ ಕೋರಿಕೆಗಳನ್ನು ಬರೆದು, ಹೊರದ್ವಾರದಿಂದ ಉತ್ತರಗಳನ್ನು ಓದುತ್ತದೆ. ಕೆಲಸ ಮುಗಿದಾಗ ಒಳದ್ವಾರವನ್ನು ಮುಚ್ಚಿದರೆ ಸರ್ವರು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಕ್ಲೈಂಟು ಅದನ್ನು ನಿಲ್ಲಿಸುತ್ತದೆ. ನಡುವೆ ಜಾಲದ ತಂತಿಯಿಲ್ಲ, ವಿಳಾಸವಿಲ್ಲ, ಗುಪ್ತಪದವನ್ನು ಕೇಳುವ ಕಾವಲುಗಾರನೂ ಇಲ್ಲ.

ಒಂದೊಂದು ಸಂದೇಶವೂ ಒಂದೊಂದು ಸಾಲು. ಸಾಲು ಮುಗಿಯಿತೆಂದರೆ ಸಂದೇಶ ಮುಗಿಯಿತು. ಹಾಗಾದರೆ ಹಲವು ಸಾಲುಗಳುಳ್ಳ ಬರಹವನ್ನು ಕಳುಹಿಸುವುದು ಹೇಗೆ ಎಂದು ವಾಚಕರು ಕೇಳಬಹುದು. ಜೇಸನ್ ಬರವಣಿಗೆಯಲ್ಲಿ ಸಾಲು ಮುರಿಯುವ ಚಿಹ್ನೆಗೆ ಬದಲಾಗಿ ಎರಡು ಅಕ್ಷರಗಳ ಸಂಕೇತವಿದೆ. ಆದುದರಿಂದ ಇಡೀ ಪದ್ಯವನ್ನೇ ಕಳುಹಿಸಿದರೂ ಅದು ನಾಳದಲ್ಲಿ ಒಂದೇ ಸಾಲಾಗಿ ಸಾಗುತ್ತದೆ.

ಈ ಏರ್ಪಾಡಿನಿಂದಲೇ ಎರಡು ತೊಡಕುಗಳು ಹುಟ್ಟುತ್ತವೆ. ಸರ್ವರನ್ನು ಬರೆದವನು ಪರೀಕ್ಷೆಗೆಂದು "ಕಡತ ತೆರೆಯಿತು" ಎಂಬ ಒಂದು ಸಾಲನ್ನು ಹೊರದ್ವಾರಕ್ಕೆ ಅಚ್ಚುಹಾಕಿದನೆನ್ನಿ. ಕ್ಲೈಂಟು ಅದನ್ನೂ ಸಂದೇಶವೆಂದೇ ಓದಲು ಹೋಗಿ ಕಂಗೆಡುತ್ತದೆ. ಹೊರದ್ವಾರದಲ್ಲಿ ಸಂದೇಶವಲ್ಲದ ಒಂದಕ್ಷರವೂ ಬರಬಾರದೆಂಬುದು ನಿಯಮ. ಉಳಿದ ಮಾತೆಲ್ಲ 2ನೆಯ ದ್ವಾರದಿಂದ ಹೋಗಬೇಕು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಅನೇಕ ಪ್ರೋಗ್ರಾಮುಗಳು ಪರದೆಗೆ ಬರೆಯುವಾಗ ಸಾಲುಸಾಲಾಗಿ ಬರೆದರೂ, ನಾಳಕ್ಕೆ ಬರೆಯುವಾಗ ಮಿತವ್ಯಯಕ್ಕಾಗಿ ಹಲವು ಸಾಲುಗಳನ್ನು ಕೂಡಿಟ್ಟು ಒಟ್ಟಿಗೆ ಕಳುಹಿಸುತ್ತವೆ. ಆಗ ಉತ್ತರವು ಸರ್ವರಿನ ಉಗ್ರಾಣದಲ್ಲಿಯೇ ಕುಳಿತಿರುತ್ತದೆ. ಕ್ಲೈಂಟು ಉತ್ತರಕ್ಕಾಗಿ ಕಾಯುತ್ತದೆ, ಸರ್ವರು ಮುಂದಿನ ಕೋರಿಕೆಗಾಗಿ ಕಾಯುತ್ತದೆ, ಎರಡೂ ಸ್ತಬ್ಧವಾಗುತ್ತವೆ. ಪ್ರತಿ ಸಂದೇಶವಾದ ಕೂಡಲೆ ಉಗ್ರಾಣವನ್ನು ಬರಿದುಮಾಡುವುದೇ ಇದಕ್ಕೆ ಪರಿಹಾರ.

ಜಾಲದ ದಾರಿ

ಸರ್ವರು ಬೇರೆ ಊರಿನಲ್ಲಿದ್ದರೆ, ಅಥವಾ ಒಂದೇ ಸರ್ವರನ್ನು ಅನೇಕರು ಬಳಸಬೇಕಾದರೆ, ನಾಳ ಸಾಲದು. ಆಗ ವಿಶ್ವವ್ಯಾಪಿ ಜಾಲದ ಪುಟಗಳನ್ನು ತರುವ ಎಚ್‌ಟಿಟಿಪಿ ಎಂಬ ರೀತಿಯನ್ನೇ ಬಳಸಿಕೊಳ್ಳುತ್ತಾರೆ. ಆದರೆ ಆ ರೀತಿಯಲ್ಲಿ ಒಂದು ಕೊರತೆಯಿದೆ. ಅಲ್ಲಿ ಕ್ಲೈಂಟು ಕೇಳಿದರೆ ಸರ್ವರು ಹೇಳುತ್ತದೆ; ಕೇಳದೆ ಹೇಳುವಂತಿಲ್ಲ. ಉಪಕರಣ ಸರ್ವರಿಗಾದರೋ, "ಅರ್ಧ ಕೆಲಸ ಮುಗಿಯಿತು" ಎಂದು ನಡುವೆ ತಿಳಿಸುವ ಅಗತ್ಯ ಬೀಳುವುದುಂಟು.

ಇದಕ್ಕೆ 2024ರ ಆವೃತ್ತಿಯಲ್ಲಿ ಎರಡು ವಿಳಾಸಗಳನ್ನಿಟ್ಟಿದ್ದರು. ಒಂದರಲ್ಲಿ ಕ್ಲೈಂಟು ತೆರೆದ ಸಂಪರ್ಕವನ್ನು ಮುಚ್ಚದೆ, ಸರ್ವರು ಅದರ ಮೂಲಕ ಸುದ್ದಿಗಳನ್ನು ಹರಿಯಬಿಡುತ್ತಿತ್ತು. ಇನ್ನೊಂದಕ್ಕೆ ಕ್ಲೈಂಟು ತನ್ನ ಕೋರಿಕೆಗಳನ್ನು ಕಳುಹಿಸುತ್ತಿತ್ತು. ಎಲ್ಲ ಉತ್ತರಗಳೂ ಆ ಒಂದು ಉದ್ದನೆಯ ಸಂಪರ್ಕವನ್ನೇ ನೆಚ್ಚಿದ್ದುದರಿಂದ ಅದು ಕಡಿದರೆ ಬರಬೇಕಾದ ಉತ್ತರ ಬರುತ್ತಿರಲಿಲ್ಲ. 2025ರ ಮಾರ್ಚ್ 26ರ ಆವೃತ್ತಿಯಲ್ಲಿ ಇದನ್ನು ಬಿಟ್ಟು ಒಂದೇ ವಿಳಾಸದ ಏರ್ಪಾಡನ್ನು ತಂದರು. ಅದರಂತೆ ಸಣ್ಣ ಕೆಲಸಕ್ಕೆ ಸರ್ವರು ಒಂದೇ ಉತ್ತರ ಕೊಟ್ಟು ಮುಗಿಸಬಹುದು. ದೀರ್ಘವಾದ ಕೆಲಸಕ್ಕೆ ಉತ್ತರವನ್ನು ಹರಿವಾಗಿ ತೆರೆದಿಟ್ಟು ನಡುವಿನ ಸುದ್ದಿಗಳನ್ನೂ ಕಳುಹಿಸಬಹುದು. ಸುದ್ದಿಗಳಿಗೆ ಗುರುತನ್ನು ಕೊಟ್ಟಿದ್ದರೆ, ಸಂಪರ್ಕ ಕಡಿದಾಗ ಕ್ಲೈಂಟು ತಾನು ಕಡೆಯದಾಗಿ ಕಂಡ ಗುರುತನ್ನು ತಿಳಿಸಿ ಅಲ್ಲಿಂದ ಮುಂದಕ್ಕೆ ಕೇಳಬಹುದು.

ಬಾಗಿಲ ಕಾವಲು

ನಾಳದ ದಾರಿಯಲ್ಲಿ ಹೊರಗಿನವರಿಗೆ ಬಾಗಿಲೇ ಇಲ್ಲ. ಆದಕಾರಣ ಅದು ಪೂರ್ಣವಾಗಿ ನಿರ್ಭಯವೆಂದು ತಿಳಿಯಬಾರದು. ಮನೆಗೆ ಕರೆಸಿದ ಅಡಿಗೆಯವರು ಯಾವ ಬೀರುವನ್ನಾದರೂ ತೆರೆಯಬಲ್ಲರಷ್ಟೆ. ಹಾಗೆಯೇ ಈ ಸರ್ವರು ನಮ್ಮ ಅಧಿಕಾರದಲ್ಲಿಯೇ ಓಡುವುದರಿಂದ, ಬೇರೆ ಕಟ್ಟುಪಾಡು ಹಾಕದಿದ್ದರೆ, ನಾವು ಓದಬಹುದಾದ ಕಡತಗಳನ್ನೆಲ್ಲ ಓದಬಲ್ಲುದು. ಎಲ್ಲಿಂದಲೋ ದೊರೆತ ಆಜ್ಞೆಯನ್ನು ಕ್ಲೈಂಟಿನ ವ್ಯವಸ್ಥಾ ಕಡತದಲ್ಲಿ ಸೇರಿಸುವುದೆಂದರೆ ಅಪರಿಚಿತನೊಬ್ಬನ ಪ್ರೋಗ್ರಾಮನ್ನು ನಮ್ಮ ಯಂತ್ರದಲ್ಲಿ ಓಡಿಸಿದಂತೆಯೇ ಸರಿ.

ಜಾಲದ ದಾರಿಯಲ್ಲಿ ಬಾಗಿಲು ಇದೆ. ಆದುದರಿಂದ ಕಾವಲೂ ಬೇಕು. ದೂರದ ಸರ್ವರಿಗೆ ಬಂದವರಾರು, ಅವರಿಗೆ ಏನು ಹಕ್ಕಿದೆ ಎಂಬುದನ್ನು ಗೊತ್ತುಮಾಡಲು ಓಆತ್ 2.1 ಎಂಬ ಪದ್ಧತಿಯನ್ನು ನಿಯಮಾವಳಿ ಹೇಳುತ್ತದೆ. ಜಾಲದ ರೀತಿಯ ಸರ್ವರನ್ನು ನಮ್ಮ ಯಂತ್ರದಲ್ಲಿಯೇ ಓಡಿಸುವಾಗಲಂತೂ ವಿಶೇಷ ಎಚ್ಚರ ಬೇಕು. 127.0.0.1 ಎಂಬುದು ಯಂತ್ರವು ತನಗೆ ತಾನೇ ಕೊಟ್ಟುಕೊಂಡ ವಿಳಾಸ. ಅಲ್ಲಿ ಕಿವಿಗೊಟ್ಟ ಸರ್ವರಿಗೆ ಬೇರೆ ಯಂತ್ರಗಳ ಮಾತು ತಲುಪದು. 0.0.0.0 ಎಂದು ಬರೆದರೆ ಯಂತ್ರದ ಎಲ್ಲ ವಿಳಾಸಗಳಲ್ಲಿಯೂ ಕಿವಿಗೊಟ್ಟಂತಾಗಿ, ತಡೆಗೋಡೆಯಿಲ್ಲದಿದ್ದರೆ, ಅದೇ ಜಾಲದಲ್ಲಿರುವ ಯಾರು ಬೇಕಾದರೂ ಬಾಗಿಲು ತಟ್ಟಬಹುದು.

127.0.0.1 ಒಂದೇ ಸಾಲದು. ಮೋಸದ ಜಾಲತಾಣವೊಂದು ಮೊದಲು ತನ್ನ ಹೆಸರಿಗೆ ತನ್ನ ನಿಜವಾದ ವಿಳಾಸವನ್ನೂ, ಪುಟ ತೆರೆದ ಮೇಲೆ ಅದೇ ಹೆಸರಿಗೆ 127.0.0.1 ಎಂಬ ವಿಳಾಸವನ್ನೂ ಕೊಡಬಹುದು. ಹೆಸರು ಬದಲಾಗದ ಕಾರಣ ಬ್ರೌಸರು ಮೋಸವನ್ನು ಅರಿಯದು. ಆ ಪುಟದ ಆಜ್ಞೆಗಳು ನಮ್ಮ ಯಂತ್ರದ ಸರ್ವರನ್ನೇ ಮುಟ್ಟುತ್ತವೆ. ಇಂಥ ಕೋರಿಕೆಯೊಡನೆ ಅದು ಯಾವ ತಾಣದಿಂದ ಹೊರಟಿತೆಂಬುದನ್ನು ಬ್ರೌಸರು 'ಆರಿಜಿನ್' ಎಂಬ ತಲೆಬರಹದಲ್ಲಿ ಬರೆದಿರುತ್ತದೆ. ಸರ್ವರು ಅದನ್ನು ಪರೀಕ್ಷಿಸಲೇಬೇಕೆಂಬ ವಿಧಿ ಇದಕ್ಕಾಗಿಯೇ ಇದೆ.

ಆರಿಸುವ ಬಗೆ

ಮೇಲಿನದನ್ನೆಲ್ಲ ಎರಡು ಪ್ರಶ್ನೆಗಳಲ್ಲಿ ಅಡಕಮಾಡಬಹುದು. ಉಪಕರಣವು ಮುಟ್ಟಬೇಕಾದ ವಸ್ತು ಎಲ್ಲಿದೆ? ಅದನ್ನು ಬಳಸುವವರು ಎಷ್ಟು ಮಂದಿ?

ವಸ್ತು ನಮ್ಮ ಯಂತ್ರದಲ್ಲಿಯೇ ಇದ್ದು, ಬಳಸುವವರು ನಾವೊಬ್ಬರೇ ಆದರೆ ನಾಳವೇ ಯೋಗ್ಯ. ನಮ್ಮ ಟಿಪ್ಪಣಿಗಳ ಕಡತಗಳನ್ನು ಹುಡುಕುವ ಉಪಕರಣ ಇದಕ್ಕೆ ಉದಾಹರಣೆ. ಸಾಧ್ಯವಾದಲ್ಲೆಲ್ಲ ಕ್ಲೈಂಟುಗಳು ಈ ದಾರಿಯನ್ನು ಅರಿತಿರಬೇಕೆಂದು ನಿಯಮಾವಳಿಯೂ ಹೇಳಿದೆ. ಕಾಲೇಜಿನ ಗ್ರಂಥಾಲಯದ ಪಟ್ಟಿಯಂತೆ ವಸ್ತು ಒಂದೆಡೆ ಇದ್ದು, ಬಳಸುವವರು ಅನೇಕರಾದರೆ ಜಾಲದ ದಾರಿಯೇ ಗತಿ. ಪ್ರತಿ ವಿದ್ಯಾರ್ಥಿಯ ಯಂತ್ರದಲ್ಲಿಯೂ ಸರ್ವರನ್ನಿಟ್ಟು, ಪಟ್ಟಿಯ ಗುಪ್ತಪದವನ್ನು ಎಲ್ಲರಿಗೂ ಹಂಚುವುದು ವಿವೇಕವಲ್ಲ. ಕ್ಲೈಂಟಿಗೆ ನಾಳ ಮಾತ್ರ ಗೊತ್ತಿದ್ದು ಸರ್ವರು ದೂರದಲ್ಲಿದ್ದರೆ, ನಾಳದಿಂದ ಕೇಳಿದ ಮಾತನ್ನು ಜಾಲಕ್ಕೆ ದಾಟಿಸುವ ಸಣ್ಣ ಪ್ರೋಗ್ರಾಮೊಂದನ್ನು ನಡುವೆ ಇರಿಸಬಹುದು. ಮಾತು ಒಂದೇ ಆದುದರಿಂದ ಈ ಸೇತುವೆ ಸಾಧ್ಯವಾಯಿತು.

ಹೊಸದಾಗಿ ಸರ್ವರನ್ನು ಬರೆಯುವವರು ಮೊದಲು ಉಪಕರಣದ ಕೆಲಸವನ್ನೂ ಸಾಗಣೆಯ ದಾರಿಯನ್ನೂ ಬೇರೆಬೇರೆ ಭಾಗಗಳಾಗಿ ಬರೆದು, ನಾಳದಲ್ಲಿ ಪರೀಕ್ಷಿಸಿ ನೋಡುವುದು ಒಳ್ಳೆಯದು. ಮುಂದೆ ಹತ್ತು ಮಂದಿಗೆ ಅದು ಬೇಕಾದಾಗ ಜಾಲದ ದಾರಿಯನ್ನು ಸೇರಿಸಬಹುದು. ಆದರೆ ಅಂದು ಬಾಗಿಲನ್ನು ತೆರೆಯುವುದಕ್ಕೆ ಮುಂಚೆ ಕಾವಲನ್ನು ಗೊತ್ತುಮಾಡತಕ್ಕದ್ದು.